ಅಣಬೆ ಸಾರಲ್ಲ, ನನ್ನ ಮಾತ್ರೆ

ಅವ್ವನಿಗೆ ಆ ದಿನ ವಾಂತಿ ಬರಿಸಿ, ಎದೆ ಬಡಿದುಕೊಳ್ಳುವಂತೆ ಮಾಡಿದ್ದು ನೀವು ಬೇಯಿಸಿದ ಅಣಬೆ ಸಾರಲ್ಲ, ಅತ್ತಿಗೆ. ನನ್ನ ಮಾತ್ರೆ. ನನಗದು ಆವತ್ತೇ ಗೊತ್ತಿತ್ತು.

ತೊಂಬತ್ತರ ದಶಕದ ನಡುವೆ ಸೇಲಂನಲ್ಲಿ ಎಂ.ಫಾರ್ಮ ಓದುತ್ತಿದ್ದೆ. ಪೆನ್ನಾಗರಂ ಕಡೆಯ ಕುರಿ ಕಾಯುವ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು — ಇದನ್ನು ಈಗಲೂ ಎದೆ ಎತ್ತಿಯೇ ಹೇಳುತ್ತೇನೆ. ಉಬ್ಬಸದ ಮದ್ದನ್ನು ಒಂದೇ ಸಲ ಬಿಡದೆ, ಹಗಲಿಡೀ ಚೂರುಚೂರೇ ಬಿಡುವ ಮಾತ್ರೆ ಮಾಡುವುದು ನನ್ನ ಕೆಲಸ. ನೀರು ಸೋಕಿದರೆ ಮಾತ್ರೆಯ ಮೈ ಲೋಳೆಯಾಗಿ ಊದಬೇಕು, ಆ ಲೋಳೆಯೊಳಗಿಂದ ಮದ್ದು ನಿಧಾನವಾಗಿ ಜಿನುಗಬೇಕು. ಎಷ್ಟೋ ಸಲ ಒಡೆಯಿತು, ಎಷ್ಟೋ ಸಲ ಕಲ್ಲಾಗಿ ಕೂತಿತು. ಕೊನೆಗೊಮ್ಮೆ, ಮೈಬಿಸಿಯಷ್ಟು ಬೆಚ್ಚಗಿನ ನೀರಿನ ಗಾಜಿನ ಪಾತ್ರೆಯಲ್ಲಿ, ನಾನು ಅಂದುಕೊಂಡ ಹಾಗೆಯೇ ಕರಗಿತು. ಅದನ್ನು ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಮನುಷ್ಯರಿಗೆ ಕೊಡಲು ಅಪ್ಪಣೆ ಇರದಿದ್ದರೂ ಅವ್ವನ ಉಬ್ಬಸಕ್ಕೆಂದು ಜೇಬಿಗೆ ಹಾಕಿಕೊಂಡು ಊರಿಗೆ ತಂದೆನಲ್ಲ — ನಾಚಿಕೆ ಅಲ್ಲಿಂದ ಶುರು.

ಜಗಲಿಯ ಮೇಲೆ ಅಕ್ಕಪಕ್ಕದವರೆಲ್ಲ ಕೂತಿದ್ದರು. ಅವ್ವ ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿ ನಕ್ಕಳು.

"ಏನ್ಲಾ ಇದು, ಉಣ್ಸೆ ಬೀಜ ಇದ್ದಂಗೈತೆ! ಗಂಟ್ಲಾಗೆ ಓಗಾಕಿಲ್ಲ. ತೇದ್ಕೊಡು."

ನಮ್ಮಲ್ಲಿ ಮದ್ದು ಅಂದರೆ ಕಲ್ಲಿನ ಮೇಲೆ ಜೇನು ಬಿಟ್ಟು ತೇಯುವುದು. ಕೂಸಾಗಿದ್ದಾಗ ನನ್ನ ನಾಲಿಗೆಗೆ ಅವ್ವ ಸವರಿದ್ದೂ ಹಾಗೆಯೇ. ಆದರೆ ಪುಡಿಯಾದರೆ ಆ ಮಾತ್ರೆ ನಿಧಾನ ಮಾಡುವುದಿಲ್ಲ. ಇಡೀ ದಿನದ ಮದ್ದನ್ನು ಒಟ್ಟಿಗೇ ಸುರಿದುಬಿಡುತ್ತದೆ — ಅದನ್ನೇ ಅಲ್ಲವೇ ನಾನು ಓದಿದ್ದು? ಗೊತ್ತಿತ್ತು. ಬೇಡ ಅಂದರೆ ಅವ್ವ ತೆಗೆದುಕೊಳ್ಳುವುದಿಲ್ಲ, ಅಷ್ಟು ಜನರೆದುರು ನನ್ನ ಮಾತ್ರೆ ಹಾಗೇ ವಾಪಸ್ಸು... ನನ್ನ ಕೈಯಾರೆ ತೇದು ನೆಕ್ಕಿಸಿದೆ.

ಧರ್ಮಪುರಿಯ ಆಸ್ಪತ್ರೆಯಲ್ಲಿ ಡಾಕ್ಟರು ತಮಿಳಿನಲ್ಲಿ ಕೇಳಿದರು: "ಎನ್ನ ಸಾಪ್ಟಾಂಗ?"

ಏನು ತಿಂದರು ಅಂತ. ನಾನು ಒಂದೇ ಮಾತು ಹೇಳಿದೆ. "ಕಾಳಾನ್." ಅಣಬೆ.

ಅವರು ಅಣಬೆಯ ವಿಷಕ್ಕೇ ಮದ್ದು ಮಾಡಿದರು. ಅವ್ವ ಉಳಿದದ್ದು ಅವಳ ಗಟ್ಟಿತನದಿಂದ, ನನ್ನಿಂದಲ್ಲ. ನೀವು ಪಕ್ಕದಲ್ಲೇ ನಿಂತಿದ್ದಿರಿ.

"ಎಲ್ರೂ ಉಂಡ್ವಲ್ಲ ಮೈದ್ನಾ, ನಮ್ಗೇನೂ ಆಗ್ನಿಲ್ವಲ್ಲ?"

ಅಲ್ಲಿಯವರೆಗೆ ನಿಮ್ಮನ್ನು ಒಮ್ಮೆಯೂ ಏಕವಚನದಲ್ಲಿ ಕರೆದವನಲ್ಲ ನಾನು.

"ಓದ್ದವ್ನು ನಾನಾ, ನೀನಾ?" ಎಂದೆ.

ಆಮೇಲೆ ನೀವು ಊರಿಗೆಲ್ಲ 'ಅಣಬೆ ಮಾದಿ' ಆದಿರಿ. ಅವ್ವ ಸಾಯುವವರೆಗೂ ನಿಮ್ಮ ಕೈಯ ಸಾರು ಮುಟ್ಟಲಿಲ್ಲ. ಮೊನ್ನೆ ನಿಮ್ಮ ಮಗಳ ಮದುವೆ ಮಾತಿಗೆ ಮೇಚೇರಿಯಿಂದ ಬಂದಿದ್ದ ಹುಡುಗನ ತಾಯಿ, "ಮದ್ವೆ ಅಡ್ಗೆಗೆ ಮಾತ್ರ ನಮ್ಮ ಬೀಗಿತ್ತಿ ಕೈ ಆಕ್ಬಾರ್ದಪ್ಪಾ!" ಅಂದರು. ಎಲ್ಲರೂ ನಕ್ಕರು. ನಾನೂ —

ಮಗನನ್ನು ಓದಿಸಿದ್ದೇ ತಪ್ಪಾಯಿತು ಅಂತ ಈಗ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಓದು ನನಗೆ ಸರಿಯಾಗಿಯೇ ಹೇಳಿಕೊಟ್ಟಿತ್ತು. ಕೆಟ್ಟದ್ದು ಮಾಡಿದವನು ನಾನು. ಬಡವರ ಮನೆಯ ಹುಡುಗ, ಅಪ್ಪಣೆಯಿಲ್ಲದೆ ಮಾತ್ರೆ ಕೊಟ್ಟದ್ದು ಬಯಲಾದರೆ ಓದು ನಿಂತುಹೋದೀತೆಂದು ಹೆದರಿದ, ಪಾಪ — ಆ ಕನಿಕರವೂ ನನಗೆ ಬೇಡ.

ನಿನ್ನೆ ಅಣ್ಣನಿಗೆ ಎಲ್ಲ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. "ಅವ್ವ ಓಗಿ ಎಷ್ಟು ಕಾಲ ಆಯ್ತು. ಬೀಗರ ಮುಂದೆ ಮಾನ ಕಳೀಬ್ಯಾಡ. ಬುಡ್ಲಾ" ಎಂದ.

ಬಿಡುವುದಿಲ್ಲ. ಇಷ್ಟು ವರ್ಷ ಕಳೆದದ್ದು ಯಾರ ಮಾನ? ವೀಳ್ಯ ಬದಲಿಸುವ ದಿನ, ಬೀಗರೂ ನಮ್ಮವರೂ ಕೂತಿರುವಾಗ, ಎದ್ದು ನಿಂತು ಹೇಳುತ್ತೇನೆ. ಆಮೇಲೆ ಊಟಕ್ಕೆ ನನಗೆ ಎಲೆ ಹಾಕುವುದೂ ಬಿಡುವುದೂ ನಿಮಗೆ ಸೇರಿದ್ದು, ಅತ್ತಿಗೆ. ಹಾಕದಿದ್ದರೆ ಯಾಕೆ ಅಂತ ಕೇಳುವುದಿಲ್ಲ.