ರತ್ನಮ್ಮನವರ ಮೊಣಕೈ ಮತ್ತು ನನ್ನ ಪಟ್ಟಿ

ಕೋವಿಡ್ ಗಲಾಟೆ ಮುಗಿದು ಎರಡು ವರ್ಷವಾಗಿದ್ದ ಕಾಲ. ನಾನು ಆಗ ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಕಾರ್ಡಿನ ಸಹಾಯ ಕೌಂಟರಿನಲ್ಲಿ ಕೂರುತ್ತಿದ್ದೆ. ಆಸ್ಪತ್ರೆಯ ಹೆಸರು ಬೇಡ, ನನ್ನ ಜೊತೆ ದುಡಿದವರು ಇನ್ನೂ ಅಲ್ಲೇ ಇದ್ದಾರೆ. ಕಾರ್ಡ್ ಪರಿಶೀಲಿಸುವುದು, ದೊಡ್ಡ ಆಸ್ಪತ್ರೆಗೆ ಹೋಗಬೇಕಾದವರಿಗೆ ರೆಫರಲ್, ಅಂದರೆ ಶಿಫಾರಸು ಪತ್ರ ಮಾಡಿಸಿಕೊಡುವುದು, ಯಾವ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದೆ. ಅಷ್ಟರಲ್ಲಿ ಯೋಜನೆಯ ಹೆಸರು ಬದಲಾಯಿತು, ಕಂಪ್ಯೂಟರ್ ಬದಲಾಯಿತು, ನನ್ನ ಕುರ್ಚಿ ಮಾತ್ರ ಅದೇ ಇತ್ತು.

ರತ್ನಮ್ಮ ಅಜ್ಜಂಪುರದವರು. ಅಲ್ಲಿನ ಒಂದು ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರು. ವಯಸ್ಸು ನಲವತ್ತಾರು, ಗಂಡ ಇಲ್ಲ. ಆಗಸ್ಟ್ ಮೊದಲ ವಾರ ಗಂಜಿ ಚೆಲ್ಲಿದ್ದ ನೆಲದ ಮೇಲೆ ಜಾರಿ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದರು. ರೆಫರಲ್ ಮಾಡಿಸಿಕೊಟ್ಟವಳು ನಾನೇ. ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಪ್ಲೇಟು ಹಾಕಿ ಕಳಿಸಿದರು. ಕೈಯಿಂದ ಒಂದು ಪೈಸೆ ಹೋಗಲಿಲ್ಲ. ನಾನು ಆ ಫೈಲನ್ನು ಮುಗಿದವುಗಳ ಜೊತೆ ಸೇರಿಸಿದೆ.

ಆಗಸ್ಟ್ ಕೊನೆಗೆ ಅವರು ಮತ್ತೆ ಬಂದರು. ಬಲಗೈ ಎದೆಗೆ ಅಂಟಿದ ಹಾಗೆ ಮಡಚಿಕೊಂಡೇ ಇತ್ತು. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ‘ಫಿಸಿಯೋಥೆರಪಿ, ದಿನವೂ’ ಎಂದು ಬರೆದಿತ್ತು.

“ಇದನ್ನ ಯಾರು ಮಾಡ್ತಾರೆ ಮೇಡಂ, ಕಾರ್ಡಲ್ಲಿ ಆಗುತ್ತಾ?” ಅಂದರು. “ದಸರಾ ರಜೆ ಮುಗಿಯೋತನಕ ಟೈಮ್ ಕೊಟ್ಟವ್ರೆ ಹೆಡ್ ಮೇಡಂ. ಬೇರೆಯೋರು ಬಂದು ಮಾಡ್ತಾವ್ರೆ. ಅನ್ನದ ಪಾತ್ರೆ ಎತ್ತಕ್ಕಾಗ್ಲಿಲ್ಲ ಅಂದ್ರೆ ಅವ್ರನ್ನೇ ಇಟ್ಕಂತಾರೆ.”

“ಆಗುತ್ತೆ ಬಿಡಿ ರತ್ನಮ್ಮ, ಹುಡುಕ್ತೀನಿ,” ಅಂದೆ. ನನ್ನ ಹತ್ತಿರ ಪಟ್ಟಿ ಇತ್ತು. ಕಾರ್ಡ್ ಒಪ್ಪುವ ಆಸ್ಪತ್ರೆಗಳ ಹೆಸರು, ಪಕ್ಕದಲ್ಲಿ ಯಾವ ಯಾವ ವಿಭಾಗ ಇದೆ ಎಂಬ ಗುರುತು. ಅದರ ಮೇಲೆ ನನಗೆ ಬಹಳ ನಂಬಿಕೆ.

ನಮ್ಮ ಆಸ್ಪತ್ರೆಯಲ್ಲಿ ಆ ವಿಭಾಗ ಇರಲಿಲ್ಲ. ಅಜ್ಜಂಪುರಕ್ಕೆ ಪಟ್ಟಿಯಲ್ಲಿ ಏನೂ ಇರಲಿಲ್ಲ. ತರೀಕೆರೆಯಲ್ಲಿ ಒಬ್ಬರು ಫಿಸಿಯೋಥೆರಪಿಯ ಖಾಸಗಿ ಕ್ಲಿನಿಕ್ ಇಟ್ಟಿದ್ದರು. ಫೋನ್ ಮಾಡಿದರೆ, “ಎರಡು ಟೇಬಲ್ ಹಾಕ್ಕೊಂಡು ಕೂತಿದೀನಿ ಮೇಡಂ, ನಮ್ಮಂಥೋರನ್ನ ಯೋಜನೆಗೆ ಸೇರಿಸ್ಕೊಳ್ಳಲ್ಲ,” ಅಂದರು. ದಿನವೂ ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದು ರತ್ನಮ್ಮನ ಕೈಲಾಗದ ಮಾತು. ಕಾರ್ಡಿನ ಹಣ ಬರುವುದು ಪ್ಯಾಕೇಜಿನ ಲೆಕ್ಕದಲ್ಲಿ. ಆಪರೇಷನ್, ಹಾಸಿಗೆ, ಔಷಧಿ, ಆಮೇಲಿನ ಆರೈಕೆ ಎಲ್ಲ ಒಂದೇ ಕಟ್ಟು, ಅದು ಆಪರೇಷನ್ ಮಾಡಿದ ಆಸ್ಪತ್ರೆಗೇ ಸೇರುತ್ತದೆ. ಅಲ್ಲಿಗೆ ಫೋನ್ ಮಾಡಿದೆ. “ಬರಲಿ, ಉಚಿತವಾಗೇ ಮಾಡ್ತೀವಿ, ದಿನಾ ಬರಬೇಕು,” ಅಂದರು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ರತ್ನಮ್ಮ ಒಂದು ದಿನ ಹೋಗಿಬಂದರು. ರಶ್ಶಿನ ಬಸ್ಸಿನಲ್ಲಿ ಯಾರದೋ ಚೀಲ ತಗುಲಿ ಕೈ ಊದಿತು, ಮತ್ತೆ ಹೋಗಲಿಲ್ಲ.

ಪಟ್ಟಿಯಲ್ಲಿ ಕಡೂರಿನ ಒಂದು ನರ್ಸಿಂಗ್ ಹೋಮಿನ ಹೆಸರಿನ ಪಕ್ಕ ಫಿಸಿಯೋಥೆರಪಿಯ ಗುರುತಿತ್ತು. ವಿಚಾರಿಸಿದೆ. “ಇದೆ, ಕಳಿಸಿ,” ಅಂದರು. ರತ್ನಮ್ಮ ಅಜ್ಜಂಪುರದಿಂದ ಬೀರೂರಿಗೆ, ಅಲ್ಲಿಂದ ಕಡೂರಿಗೆ ಹೋದರು. ಅಲ್ಲಿ ಯಂತ್ರ ಇತ್ತು, ಅದರ ಮೇಲೆ ಬೆಡ್‌ಶೀಟ್ ಹೊದಿಸಿದ್ದರು. ನಡೆಸುವವರು ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಸೋಮವಾರ ಹೊಸಬರು ಬರುತ್ತಾರೆ ಅಂದರಂತೆ. ಸೋಮವಾರ ಹೋದರೆ ಹೊಸಬರು ಬಂದಿದ್ದರು, ಆದರೆ ಅಡ್ಮಿಟ್ ಆದವರಿಗೆ ಮಾತ್ರ ಕಾರ್ಡ್ ಅಂದರಂತೆ. ನಾನು ಕೇಳಿದ್ದು ಫಿಸಿಯೋಥೆರಪಿ ಇದೆಯಾ ಎಂದು ಮಾತ್ರ. ಮಾಡುವ ಮನುಷ್ಯ ಇದ್ದಾನಾ, ಮನೆಯಿಂದ ಬಂದುಹೋಗುವವರಿಗೆ ಮಾಡುತ್ತಾನಾ ಎಂದು ಕೇಳಿರಲಿಲ್ಲ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತವಳಿಗೆ ಇಷ್ಟು ಬುದ್ಧಿ ಇರಬೇಕಿತ್ತು.

ಹೀಗೆ ಮೂರು ವಾರ ಹೋಯಿತು. ಪ್ರತಿದಿನ ನಾಲ್ಕೈದು ಫೋನ್. ಎಲ್ಲರೂ ಮೊದಲು ಕೇಳುತ್ತಿದ್ದದ್ದು ಕಾರ್ಡ್ ನಂಬರ್. ಅಜ್ಜಂಪುರ ಬೇರೆ ತಾಲ್ಲೂಕಾಗಿದ್ದರೂ ರತ್ನಮ್ಮನ ಕಾಗದಗಳಲ್ಲಿ ಇನ್ನೂ ತರೀಕೆರೆ ತಾಲ್ಲೂಕು ಎಂದೇ ಇತ್ತು. ಅದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗುತ್ತಿತ್ತು. ನಿಜ ಹೇಳಬೇಕೆಂದರೆ, ಅವರು ಬಾಗಿಲಲ್ಲಿ ಕಂಡರೆ ನನಗೆ ಬೇಸರವಾಗಲು ಶುರುವಾಗಿತ್ತು. ಅವರ ಮೇಲಲ್ಲ, ಮತ್ತೆ ಇಲ್ಲ ಎನ್ನಬೇಕಲ್ಲ ಎಂದು.

ಒಂದು ಗುರುವಾರ ಬಂದಾಗ ಅವರ ಕೈಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಊರಿನಲ್ಲಿ ಯಾರ ಹತ್ತಿರವೋ ನೀವಿಸಿಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

“ಆಪರೇಷನ್ ಆದ ಮೊಣಕೈನ ನೀವಿಸ್ತಾರೇನ್ರೀ? ಇನ್ನೂ ಬಿಗಿಯುತ್ತೆ ಕಣ್ರೀ ಅದು!”

“ಮತ್ತೆ ಯಾರ ತಾವ ಹೋಗ್ಲಿ, ನೀವೇ ಹೇಳಿ,” ಅಂದರು, ದನಿ ಏರಿಸದೆ. ನಾನು ಫೋನ್ ಎತ್ತಿಕೊಂಡು ಯಾರಿಗೋ ನಂಬರ್ ಒತ್ತುವವಳ ಹಾಗೆ ಮಾಡಿದೆ.

ಅವತ್ತು ಅಂಗವಿಕಲರ ಪ್ರಮಾಣಪತ್ರ ಕೊಡುವ ದಿನ. ಮಗಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದ ಅಜ್ಜಂಪುರದ ಶಾಹಿನಾ ರತ್ನಮ್ಮನನ್ನು ನೋಡಿ ಹತ್ತಿರ ಬಂದರು. ಆ ಮಗುವಿಗೆ ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ.

“ಏನ್ ರತ್ನಕ್ಕ, ಕೈ ಇನ್ನೂ ಹಂಗೇ ಐತೆ? ನಮ್ ಸ್ಕೂಲ್ ಸಾರ್‌ಗೆ ತೋರಿಸ್ಲಿಲ್ವಾ?”

“ಅವ್ರು ಮಕ್ಳಿಗಲ್ವೇನೇ,” ಅಂದರು ರತ್ನಮ್ಮ.

ಯಾವ ಸಾರ್ ಎಂದು ಕೇಳಿದೆ. ರತ್ನಮ್ಮ ಅಡುಗೆ ಮಾಡುವ ಶಾಲೆಯ ಅಂಗಳದಲ್ಲೇ ವಿಶೇಷ ಅಗತ್ಯದ ಮಕ್ಕಳಿಗಾಗಿ ಒಂದು ಕೋಣೆ ಇದೆ. ಪ್ರತಿ ಬುಧವಾರ ಶಿಕ್ಷಣ ಇಲಾಖೆಯ ಕಡೆಯಿಂದ ಒಬ್ಬ ಫಿಸಿಯೋಥೆರಪಿಸ್ಟ್ ಬಂದು, ಆ ಮಕ್ಕಳ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ. ಎರಡು ವರ್ಷದಿಂದ ಬರುತ್ತಿದ್ದಾರೆ. ನನ್ನ ಪಟ್ಟಿ ಆರೋಗ್ಯ ಯೋಜನೆಯದ್ದು, ಅವರು ಶಿಕ್ಷಣ ಇಲಾಖೆಯವರು. ಅದಕ್ಕೇ ನನ್ನ ಪಾಲಿಗೆ ಅವರು ಇರಲೇ ಇಲ್ಲ.

ಶಾಹಿನಾ ಹತ್ತಿರ ನಂಬರ್ ಇಸಿದುಕೊಂಡು ಅಲ್ಲೇ ಫೋನ್ ಮಾಡಿದೆ. “ರೂಲ್ಸ್ ಪ್ರಕಾರ ದೊಡ್ಡೋರನ್ನ ನೋಡೋ ಹಂಗಿಲ್ಲ ಮೇಡಂ,” ಅಂದರು ಆತ. ಆಮೇಲೆ ತಾವೇ, “ಊಟದ ಹೊತ್ತಿಗೆ ಬರಕ್ಕೆ ಹೇಳಿ, ಅದು ನನ್ನ ಟೈಮು,” ಅಂದರು.

“ಕಾರ್ಡ್ ತರಬೇಕಾ?” ಅಂದೆ. ಬಾಯಿಗೆ ಬಂದದ್ದೇ ಅದು.

“ಕಾರ್ಡ್ ಯಾಕೆ ಮೇಡಂ? ಟವೆಲ್ ತರಲಿ ಸಾಕು.”

ದಸರಾ ರಜೆಗೆ ಮುಂಚೆ ಮೂರು ಬುಧವಾರ ಸಿಕ್ಕವು. ಎರಡನೆಯದಕ್ಕೆ ರಜೆ ಹಾಕಿ ನಾನೂ ಹೋದೆ. ಗೋಡೆಯಲ್ಲಿ ಅಕ್ಷರಮಾಲೆಯ ಚಿತ್ರ, ಕೆಳಗೆ ಜಮಖಾನ. ಅದರ ಮೇಲೆ ಮಕ್ಕಳ ಸಾಲಿನ ಕೊನೆಗೆ ರತ್ನಮ್ಮ ಕೂತಿದ್ದರು. ಟವೆಲ್ ಸುತ್ತಿ ಮೊಣಕೈ ಕೆಳಗಿಟ್ಟು, ಕೈಯನ್ನು ಚೂರುಚೂರೇ ಚಾಚುವುದು. ನೋವಿಗೆ ತುಟಿ ಕಚ್ಚುತ್ತಿದ್ದರು. “ಇನ್ನೊಂದೇ ಒಂದು ರತ್ನಕ್ಕ, ಆಯ್ತು ಆಯ್ತು,” ಎಂದು ಶಾಹಿನಾ ಎಣಿಸುತ್ತಿದ್ದರು, ಮಗಳಿಗೆ ಎಣಿಸುವ ಅದೇ ದನಿಯಲ್ಲಿ. ಉಳಿದ ದಿನ ಮನೆಯಲ್ಲಿ ಮೂರು ಹೊತ್ತು ಮಾಡಬೇಕಿತ್ತು. ಒಂದು ಹೊತ್ತೂ ತಪ್ಪಿಸಲಿಲ್ಲವಂತೆ.

ತೊಂಬತ್ತು ಡಿಗ್ರಿಯಲ್ಲಿ, ಅಂದರೆ ಗೋಡೆಯ ಮೂಲೆಯ ಹಾಗೆ ನಿಂತುಬಿಟ್ಟಿದ್ದ ಕೈ ಸುಮಾರು ಬಿಚ್ಚಿಕೊಂಡಿತು. ಪೂರ್ತಿ ನೆಟ್ಟಗಾಗಲು ಮೂವತ್ತೈದು ಡಿಗ್ರಿ ಉಳಿದುಹೋಯಿತು. ಫಿಸಿಯೋಥೆರಪಿಸ್ಟ್ ನನ್ನನ್ನು ಹೊರಗೆ ಕರೆದು, “ಮೂರು ವಾರ ಮುಂಚೆ ಬಂದಿದ್ರೆ ಬಹುಶಃ ಪೂರ್ತಿ ಬರ್ತಿತ್ತು,” ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ. ನನಗೆ ಅದು ದೂರಿಗಿಂತ ಹೆಚ್ಚಾಗಿ ತಾಗಿತು.

ಶಾಲೆ ಮತ್ತೆ ಶುರುವಾದ ದಿನ ರತ್ನಮ್ಮನಿಗೆ ಬೇಯುತ್ತಿದ್ದ ಅನ್ನದ ಪಾತ್ರೆ ಬಗ್ಗಿಸಿ ಗಂಜಿ ಬಸಿಯಲು ಆಗಲಿಲ್ಲ. ಮುಖ್ಯ ಅಡುಗೆಯ ಕೆಲಸ ಬದಲಿಗೆ ಬಂದಿದ್ದವರಿಗೇ ಹೋಯಿತು. ಹೆಡ್ ಮೇಡಂ ಇವರನ್ನು ಬಿಡಲಿಲ್ಲ, ಸಹಾಯಕಿಯಾಗಿ ಉಳಿಸಿಕೊಂಡರು. ತರಕಾರಿ ಹೆಚ್ಚುವುದು, ಬಡಿಸುವುದು. ತಾವೇ ಹದ ಹೇಳಿಕೊಡುತ್ತಿದ್ದ ಅಡುಗೆಮನೆಯಲ್ಲಿ ಈಗ ಇನ್ನೊಬ್ಬರು ಹೇಳಿದಂತೆ ಮಾಡಬೇಕು.

ಆ ವಾರ ನಾನು ಅವರ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. “ಪಟ್ಟಿ ನೋಡಿದ್ನೇ ಹೊರತು, ನಿಮ್ಮ ಶಾಲೆಗೆ ಯಾರು ಬರ್ತಾರೆ ಅಂತ ಒಂದು ಮಾತು ಕೇಳ್ಲಿಲ್ಲ ರತ್ನಮ್ಮ,” ಅಂದೆ.

“ಕೇಳಿದ್ರೂ ನಾನು ಹೇಳ್ತಿರ್ಲಿಲ್ಲ ಬಿಡಿ ಮೇಡಂ,” ಅಂದರು. “ಎರಡು ವರ್ಷ ಆ ಸಾರ್ ತಟ್ಟೆಗೆ ಅನ್ನ ಹಾಕಿದೀನಿ. ಅನ್ನ ಹಾಕಿದ ಕೈನ ಮುಂದೆ ಚಾಚಿ, ಇದನ್ನ ಸರಿ ಮಾಡ್ಕೊಡಿ ಅಂತ ಹೆಂಗ್ ಕೇಳೋದು? ಹಾಕಿದ್ದಕ್ಕೆ ಕೂಲಿ ಕೇಳ್ದಂಗಾಗುತ್ತೆ.”

ಆ ಮಾತು ನನಗೆ ಕಲಿಸಿದ್ದು ಇಷ್ಟು: ಕೆಲವರು ಬಾಯಿಬಿಟ್ಟು ಕೇಳುವುದಿಲ್ಲ, ಅವರ ಪರವಾಗಿ ಕೇಳಲೆಂದೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ಆಮೇಲೆ ನಿವೃತ್ತಿಯಾಗುವ ತನಕ, ಕಾರ್ಡ್ ನಂಬರ್ ಬರೆದುಕೊಳ್ಳುವ ಮುಂಚೆ, ನಿಮ್ಮ ಓಣಿಗೆ, ನಿಮ್ಮ ಶಾಲೆಗೆ, ಅಂಗನವಾಡಿಗೆ ಯಾರ್ಯಾರು ಬಂದುಹೋಗುತ್ತಾರೆ ಎಂದು ವಿಚಾರಿಸುತ್ತಿದ್ದೆ. ಹಿಂದೆ ಸಾಲಿನಲ್ಲಿದ್ದವರು ತಡವಾಯಿತೆಂದು ಗೊಣಗುತ್ತಿದ್ದರು. ಗೊಣಗಲಿ ಎಂದು ಬಿಟ್ಟುಬಿಡುತ್ತಿದ್ದೆ.