ಮೂರು ಬುದ್ಧಿಗೆ ಒಂದೇ ಕೊಳವೆ

ಆಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಬಾಯ್ಲರಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷ ಬೆಂಕಿಯ ಮುಂದೆ ನಿಂತವಳು. ಸುಟ್ಟುಹೋದ ಎಡಹುಬ್ಬು ಮತ್ತೆ ಬೆಳೆಯಲಿಲ್ಲ. ನಾಲಿಗೆ ಮಾತ್ರ ಚೆನ್ನಾಗಿಯೇ ಬೆಳೆದಿತ್ತು.

ಕಳೆದ ವರ್ಷ ಬಾಯ್ಲರ್ ನೋಡಿಕೊಳ್ಳಲು ಮೂರು ಎಐ ಬಂದವು, ಮೂರು ಕಂಪನಿಗಳವು. "ಒಂದೇ ಇದ್ರೆ ತಪ್ಪು ಮಾಡಿ ಮುಚ್ಚಿಟ್ಟೀತು. ಮೂರಿದ್ರೆ ಒಂದನ್ನೊಂದು ಕಾಯ್ತವೆ," ಎಂದಿದ್ದ ಮ್ಯಾನೇಜರ್. ಮಾತಿನಲ್ಲಿ ಹುಳುಕಿರಲಿಲ್ಲ. ಅವಳೂ ತಲೆಯಾಡಿಸಿದ್ದಳು.

ಅಂದು ಬೆಳಿಗ್ಗೆ ಬಾಯ್ಲರಿಗೆ ನೀರು ತುಂಬುವ ಪಂಪು ಮುಕ್ಕಾಲು ಗಂಟೆಯಿಂದ ಉಸಿರೆತ್ತಿರಲಿಲ್ಲ. ಗೋಡೆಯಾಚೆಯ ಇಸ್ತ್ರಿ ಕೋಣೆಗೆ ಹಬೆ ಹೋಗುತ್ತಲೇ ಇತ್ತು. ಅಲ್ಲಿ ಅವಳ ತಂಗಿ ಸೇರಿ ಒಂಬತ್ತು ಹೆಂಗಸರಿದ್ದರು. ಹಬೆ ಹೋದಷ್ಟೂ ಬಾಯ್ಲರಿನ ನೀರು ಇಳಿಯಲೇಬೇಕು. ಆದರೂ ಮೂರು ಎಐಗಳ ಪರದೆಗಳದ್ದೂ ಒಂದೇ ರಾಗ: ನೀರು ಸಾಕಷ್ಟಿದೆ.

ಅವಳು ಬೆಂಕಿ ಆರಿಸಿದಳು. ಮ್ಯಾನೇಜರ್ ಓಡಿಬಂದ.

"ಏನಕ್ಕಾ ಇದು? ಮೂರೂ ಸರಿಯಿದೆ ಅಂತಿವೆ, ನೀವೊಬ್ರೇ ಇಲ್ಲ ಅಂತೀರಲ್ಲ!"

"ಮೂರು ಜನ ಹೇಳಿದ್ರು ಅಂತ ಹಗ್ಗ ಹಾವಾಗಲ್ಲ ಸಾರ್. ಬನ್ನಿ ಇಲ್ಲಿ."

ಬಾಯ್ಲರಿನ ಮೈಗೇ ಕೂಡಿಸಿದ ಪರೀಕ್ಷೆಯ ನಲ್ಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಳು. ನೀರು ಚಿಮ್ಮಬೇಕಿದ್ದಲ್ಲಿ ಬರೀ ಹಬೆ ಬುಸುಗುಟ್ಟಿತು.

"ನೀರು ಬಿಡಿ, ಬೇಗ!" ಎಂದು ಮ್ಯಾನೇಜರ್ ಕೂಗಿದ.

"ಸುಮ್ನಿರಿ! ಕಾದ ಬಾಣಲೆಗೆ ತಣ್ಣೀರು ಹೊಯ್ದು ಎಲ್ಲರನ್ನೂ ಮೇಲೆ ಕಳಿಸ್ತೀರಾ? ಮೊದ್ಲು ಹೆಂಗಸರನ್ನ ಹೊರಗೆ ಕರ್ಕೊಂಡು ಹೋಗಿ. ಇದು ತಾನಾಗೇ ತಣೀಲಿ."

ಮರುದಿನ ಬಿಚ್ಚಿ ನೋಡಿದರು. ನೀರಿನ ಮಟ್ಟವನ್ನು ಮೂರಕ್ಕೂ ತಿಳಿಸುತ್ತಿದ್ದದ್ದು ಒಂದೇ ಕೊಳವೆ. ಮತ್ತೆರಡು ತೂತು ಕೊರೆಯಲು ಬೇಸರಪಟ್ಟು ಯಾರೋ ಮೂರನ್ನೂ ಅದಕ್ಕೇ ಜೋಡಿಸಿದ್ದರು. ಅದು ಸುಣ್ಣಗಟ್ಟಿ ಮುಚ್ಚಿಹೋಗಿ, ಒಳಗೆ ಹಳೆಯ ನೀರನ್ನು ಹಿಡಿದಿಟ್ಟುಕೊಂಡಿತ್ತು.

"ಹಾಗಾದ್ರೆ ಒಂದೇ ಸಾಕಿತ್ತು," ಎಂದ ಮ್ಯಾನೇಜರ್.

"ಮೂರೂ ಇರಲಿ, ಬೇಡ ಅನ್ನಲ್ಲ. ಆದ್ರೆ ಒಂದೊಂದಕ್ಕೂ ಬೇರೆ ಕೊಳವೆ ಹಾಕ್ಸಿ. ಒಬ್ಬ ಬರೆದ ಹೇಳಿಕೆಗೆ ಮೂವರು ಸಹಿ ಹಾಕಿದ್ರೆ ಮೂರು ಸಾಕ್ಷಿ ಆಗುತ್ತಾ?"

ಕೊಳವೆ ಹಾಕುವ ತನಕ ಒಳಗೆ ಕಾಲಿಡುವುದಿಲ್ಲವೆಂದು ಹೆಂಗಸರು ಮೆಟ್ಟಿಲ ಮೇಲೆ ಕೂತರು. ಬಾಯ್ಲರಕ್ಕನೂ ಕೂತಳು.

"ಅಕ್ಕಾ, ಆ ನಲ್ಲಿ ದಿನಾ ತಿರುಗಿಸ್ತಿದ್ದೆಯಲ್ಲ," ಎಂದಳು ತಂಗಿ. "ಯಾವಾಗ ಬಿಟ್ಟೆ?"

"ಇವು ಮೂರು ಬಂದ ತಿಂಗಳಿಂದ."

ತಂಗಿ ಎದ್ದು ಹೋಗಿ ಬೇರೆ ಮೆಟ್ಟಿಲಲ್ಲಿ ಕೂತಳು. ನಾಲ್ಕು ದಿನ ಮಾತಿಲ್ಲ.

ಮೂರನೆಯ ಕೊಳವೆ ಕೂತ ಬೆಳಿಗ್ಗೆ ತಂಗಿ ನೇರ ಬಾಯ್ಲರ್ ಕೋಣೆಗೆ ಬಂದಳು. "ತಿರುಗಿಸು. ನಾನು ನೋಡ್ಬೇಕು."

ಅಕ್ಕ ತಿರುಗಿಸಿದಳು. ನೀರು ಬಂತು. ತಂಗಿ ಸೆರಗು ಸಿಕ್ಕಿಸಿಕೊಂಡು ಇಸ್ತ್ರಿ ಕೋಣೆಗೆ ಹೋದಳು.