ಕೆಸರೆಗೆ ಬಂದ ಬ್ಲೌಸುಗಳು

ಬ್ಲೌಸು ಹೊಲಿಯುವಾಗ ಎರಡೂ ಪಕ್ಕದಲ್ಲಿ ಒಳಗಡೆ ಒಂದಿಷ್ಟು ಬಟ್ಟೆ ಬಿಡುವುದು ನನ್ನ ಅಭ್ಯಾಸ. ಹೆಂಗಸರ ಮೈ ಒಂದೇ ಅಳತೆಯಲ್ಲಿ ಕೂರುವಂಥದ್ದಲ್ಲ. ಮಗು ಆಗುತ್ತದೆ, ಥೈರಾಯ್ಡ್ ಬರುತ್ತದೆ, ಇಲ್ಲವೇ ತವರಿನಲ್ಲಿ ಒಂದು ತಿಂಗಳು ಚೆನ್ನಾಗಿ ಉಂಡು ಬರುತ್ತಾರೆ. ಆಮೇಲೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಬೇಕು. ನಾನೇ ಹೊಲಿದ ಬ್ಲೌಸಾದರೆ ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ.

ಕೃಷ್ಣಮೂರ್ತಿಪುರಂನಲ್ಲಿ ನನ್ನ ಅಂಗಡಿ ಇದ್ದಾಗ ಈ ಬಿಟ್ಟಿ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವರು ಒಬ್ಬ ರಿಟೈರ್ಡ್ ಟೀಚರ್. ಹೊಸ ಬ್ಲೌಸು ಕೊಡುವುದು ಅಪರೂಪ, ಹಳೆಯದನ್ನು ಹೊತ್ತು ತರುವುದು ಮಾತ್ರ ತಿಂಗಳಿಗೆ ಎರಡೆರಡು ಸಲ. ಬಿಚ್ಚಿ ಕೊಟ್ಟರೂ ಸಮಾಧಾನವಿಲ್ಲ, ತೋಳೆತ್ತಿ ಇಳಿಸಿ, ಕಂಕುಳಲ್ಲಿ ಹಿಡಿಯುತ್ತೆ ಅಂತ ತಕರಾರು. ನನಗೋ ಕೋಪ ಮೂಗಿನ ತುದಿಯಲ್ಲೇ. ಅವರ ಎದುರು ಬಾಯಿ ಬಿಡದೆ, ಅವರು ಹೋದ ಮೇಲೆ ಮಷೀನಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಒಮ್ಮೆ ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆಂದು ತರಬೇತಿ ನಡೆಯಿತು. ಪಾಠ ಹೇಳಿದ ಹುಡುಗಿ, “ಇವತ್ತು ಎಷ್ಟು ಕೊಟ್ಟರು ಅಂತ ನೋಡಬೇಡಿ. ಒಬ್ಬ ಗಿರಾಕಿ ನಿಮ್ಮ ಹತ್ತಿರ ಬರೋ ಅಷ್ಟೂ ವರ್ಷದಲ್ಲಿ ಏನು ತರ್ತಾರೆ ಅಂತ ನೋಡಿ” ಎಂದಳು. ನಾನು ಟೀಚರನ್ನು ನೆನೆದು ಲೆಕ್ಕ ಹಾಕಿದರೆ ದಾರದ ಖರ್ಚೂ ಗಿಟ್ಟಲಿಲ್ಲ. ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಬಿದ್ದು ಬಿದ್ದು ನಕ್ಕರು. “ಬುಡು ಅತ್ಲಾಗೆ. ಆ ಟೀಚರಮ್ಮ ಇರೋಗಂಟ ನಿಂಗೆ ಬಿಚ್ಚೋದೇ ಕೆಲ್ಸ ಕಣೇ.”

ಮುಂದೆ ಕಟ್ಟಡದ ಮಾಲೀಕರು ಅಂಗಡಿ ಬಿಡಿಸಿದರು. ಆ ಸುತ್ತಮುತ್ತ ಬೇರೆ ಅಂಗಡಿಯ ಬಾಡಿಗೆ ಕೈಗೆಟುಕಲಿಲ್ಲ. ಊರಿನ ಇನ್ನೊಂದು ತುದಿ ಕೆಸರೆಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಗೇ ಮಷೀನು ತಂದಿಟ್ಟೆ. ಹಳೆಯ ಅಂಗಡಿ ಗಿರಾಕಿಗಳ ಮನೆಯ ಪಕ್ಕದಲ್ಲೇ ಇದ್ದುದರಿಂದ ನನ್ನ ಫೋನ್ ನಂಬರು ಯಾರೂ ಇಟ್ಟುಕೊಂಡಿರಲಿಲ್ಲ. ಹೊಸ ವಿಳಾಸವನ್ನು ಹಳೆಯ ಷಟರಿನ ಮೇಲೆ ದೊಡ್ಡದಾಗಿ ಬರೆದು ಬಂದಿದ್ದೆ. ಅಲ್ಲಿಗೆ ಬಂದ ಮೊಬೈಲ್ ಅಂಗಡಿಯವರು ಅದರ ಮೇಲೆ ಬಣ್ಣ ಹೊಡೆಸಿದ್ದು ನನಗೆ ಗೊತ್ತಾಗಲೇ ಇಲ್ಲ.

ಒಬ್ಬರೂ ಬರಲಿಲ್ಲ. ನನ್ನವರೆಲ್ಲ ಎರಡೇ ವಾರದಲ್ಲಿ ನನ್ನನ್ನು ಮರೆತುಬಿಟ್ಟರು ಎಂದುಕೊಂಡು ಒಳಗೊಳಗೇ ಕುದಿದೆ. ಯಜಮಾನರು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ನನಗೊಂದು ಕೆಲಸ ಮಾತಾಡಿಕೊಂಡು ಬಂದರು. ದಸರಾ ಅಂದರೆ ನಮ್ಮ ಕಸುಬಿನವರಿಗೆ ಉಸಿರಾಡಲೂ ಬಿಡುವಿಲ್ಲದ ಕಾಲ. ಆಗಲೂ ಕೆಲಸ ಬರದಿದ್ದರೆ ಮಷೀನು ಮಾರಿ ಫ್ಯಾಕ್ಟರಿ ಸೇರುತ್ತೇನೆಂದು ಒಪ್ಪಿಕೊಂಡೆ. ಒಪ್ಪಿಕೊಂಡ ದಿನ ತುಂಬ ಅಳು ಬಂತು.

ನವರಾತ್ರಿ ಇನ್ನೇನು ಬಂತು ಎನ್ನುವಾಗ ಒಂದು ಬೆಳಗ್ಗೆ ಮನೆ ಮುಂದೆ ಆಟೋ ನಿಂತಿತು. ದೊಡ್ಡ ಚೀಲಗಳನ್ನು ಹಿಡಿದುಕೊಂಡು ಟೀಚರ್ ಇಳಿದರು.

“ಏನಮ್ಮಾ, ಹೇಳದೆ ಕೇಳದೆ ಹೊರಟುಹೋಗೋದಾ? ನೀನು ಲೈನಿಂಗ್ ತಗೊಳ್ಳೋ ಮ್ಯಾಚಿಂಗ್ ಸೆಂಟರ್‌ನಲ್ಲಿ ವಿಚಾರಿಸಿಕೊಂಡು ಬಂದೆ” ಎಂದು ಗದರಿ, ನಾನು ನೀರು ತರುವುದರೊಳಗೆ ಚೀಲಗಳನ್ನು ಚಾಪೆಯ ಮೇಲೆ ಸುರಿದರು. ಬಣ್ಣ ಬಣ್ಣದ ಬ್ಲೌಸ್ ಪೀಸುಗಳು, ಒಂದೊಂದರ ಜೊತೆಗೂ ಅಳತೆಗೊಂದು ಹಳೆಯ ಬ್ಲೌಸು.

“ಇಷ್ಟೂ ನಿಮ್ಮದಾ ಮೇಡಂ?”

“ನನಗ್ಯಾಕಮ್ಮಾ ಇಷ್ಟು! ನಮ್ಮ ಬೀದಿಯೋರ್ದು. ನೀನು ಸಿಗದೆ ಪೀಸ್ ಹಂಗೇ ಇಟ್ಕೊಂಡು ಕೂತಿದ್ರು ಕಣಮ್ಮ. ಎಲ್ಲರ ಮನೆಗೂ ಹೋಗಿ ನಾನೇ ಇಸ್ಕೊಂಡು ಬಂದೆ.”

ತರಬೇತಿಯ ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಟೀಚರ ಜೊತೆಗೆ ಅವರ ಬೀದಿಯನ್ನೂ ಸೇರಿಸಿಕೊಳ್ಳಬೇಕೆಂದು ನನಗೆ ತೋಚಿರಲಿಲ್ಲ. ಈ ವಯಸ್ಸಿನಲ್ಲಿ ನನಗಾಗಿ ಮನೆ ಮನೆ ಸುತ್ತಿದ ಆ ತಾಯಿಯ ಕಾಲಿಗೆ ಬೀಳಬೇಕೆನ್ನಿಸಿತು. ಬಿದ್ದೂ ಬಿಟ್ಟೆ.

“ಏಳು, ಏಳು. ಯಾವತ್ತು ಕೊಡ್ತೀಯ, ಅದನ್ನ ಹೇಳು” ಎಂದರು.

“ಹಬ್ಬದ ಹೊತ್ತಿಗೆ ಕೊಡ್ತೀನಿ ಮೇಡಂ” ಎಂದೆ. ಆ ಮಾತನ್ನು ಮತ್ತೆ ಯಾರಿಗಾದರೂ ಹೇಳುವ ಭಾಗ್ಯ ಇರುತ್ತದೆ ಎಂಬ ಆಸೆಯನ್ನೇ ನಾನು ಬಿಟ್ಟಿದ್ದೆ.